ಮಗುವಿಗೂ ಸಾಕುಪ್ರಾಣಿಗೂ ಸುರಕ್ಷಿತವಾದ ಮನೆ

ಹಳ್ಳಿಯ ಕುಟುಂಬವೆಂದರೆ ಗಂಡ, ಹೆಂಡತಿ, ಮಕ್ಕಳು ಮತ್ತು ಹಿರಿಯರು ಮಾತ್ರವಲ್ಲ. ಹೊಸ್ತಿಲ ಹೊರಗೆ ಮಲಗುವ ನಾಯಿ, ಒಲೆಯ ಬಳಿ ಬೆಚ್ಚಗೆ ಕೂರುವ ಬೆಕ್ಕು, ಕೊಟ್ಟಿಗೆಯ ಹಸುಕರು, ಅಂಗಳದ ಕೋಳಿ ಇವೆಲ್ಲವೂ ಮನೆಯ ಲೆಕ್ಕಕ್ಕೆ ಸೇರಿದವೇ. ಇವುಗಳಿಗೆ ಒಂದು ಹೊತ್ತಿನ ತುತ್ತು ಹಾಕುವುದರಲ್ಲಿ ನಮ್ಮ ಜನ ಹಿಂದೆಗೆಯುವವರಲ್ಲ. ಆದರೆ ಅವು ಓಡಾಡುವ ಮನೆಯಲ್ಲಿ ಅವುಗಳಿಗೆ ಅಪಾಯ ತರುವ ವಸ್ತು ಯಾವುದು, ಅದು ಎಲ್ಲಿದೆ ಎಂದು ಆಲೋಚಿಸುವವರು ವಿರಳ. ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ನಾಯಿ ಬೆಕ್ಕುಗಳ ವಿಚಾರವೇಕೆ, ಅದು ಪಶುವೈದ್ಯರ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಮನೆಯೊಳಗೆ ನಾಯಿಯ ಪ್ರಾಣಕ್ಕೆ ಎರವಾಗುವ ಬಹುತೇಕ ವಸ್ತುಗಳು ನಿಮ್ಮ ಮಗುವಿನ ಪ್ರಾಣಕ್ಕೂ ಎರವಾಗುವಂಥವು. ಒಂದಕ್ಕೆ ಮನೆಯನ್ನು ಸುರಕ್ಷಿತಗೊಳಿಸಿದರೆ ಮತ್ತೊಂದಕ್ಕೂ ಸುರಕ್ಷಿತಗೊಳಿಸಿದಂತಾಗುತ್ತದೆ.

ಮೊಳದೆತ್ತರದಿಂದ ನೋಡುವುದು

ಎಂಟು ತಿಂಗಳ ಮಗು ಅಂಬೆಗಾಲಿಡುತ್ತದೆ. ಆಗ ಅದರ ಕಣ್ಣು ನೆಲದಿಂದ ಒಂದು ಮೊಳ ಎತ್ತರದಲ್ಲಿರುತ್ತದೆ. ನಾಯಿಮರಿಯ ಕಣ್ಣೂ ಹೆಚ್ಚುಕಡಿಮೆ ಅಲ್ಲಿಯೇ. ಎರಡಕ್ಕೂ ಲೋಕವನ್ನು ಅರಿಯುವ ಸಾಧನ ಬಾಯಿ. ಹೊಸ ವಸ್ತು ಸಿಕ್ಕಿದರೆ ದೊಡ್ಡವರು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ. ಮಗು ಮತ್ತು ಮರಿ ಅದನ್ನು ಬಾಯಿಗಿಟ್ಟು ನೋಡುತ್ತವೆ. ನಿಂತು ನಡೆಯುವ ನಮಗೆ ಕಾಣದ ಎಷ್ಟೋ ವಸ್ತುಗಳು ಅವಕ್ಕೆ ಮೊದಲು ಕಾಣುತ್ತವೆ.

ಆದುದರಿಂದ ದಂಪತಿಗಳಿಬ್ಬರೂ ಬಿಡುವಾದ ಒಂದು ಸಂಜೆ ನೆಲದ ಮೇಲೆ ಕುಳಿತು, ಸಾಧ್ಯವಾದರೆ ಮೊಣಕಾಲೂರಿ, ಮನೆಯನ್ನೆಲ್ಲ ಒಮ್ಮೆ ಸುತ್ತಿ ನೋಡಬೇಕು. ನೆರೆಹೊರೆಯವರು ನಕ್ಕರೆ ನಗಲಿ. ಮಂಚದ ಕೆಳಗೆ, ಕಣಜದ ಹಿಂದೆ, ಬಚ್ಚಲಿನ ಮೂಲೆಯಲ್ಲಿ, ಗೋದಲಿಯ ಪಕ್ಕದಲ್ಲಿ, ಗೋಡೆಗೂಡಿನಲ್ಲಿ ಏನೇನಿದೆ ಎಂಬುದು ಆಗ ಬೆಳಕಿಗೆ ಬರುತ್ತದೆ. ಇಬ್ಬರೂ ಕೂಡಿಯೇ ನೋಡಬೇಕೆಂದು ಹೇಳುವುದಕ್ಕೆ ವಿಶೇಷ ಕಾರಣವಿದೆ. ಕೀಟನಾಶಕ, ಇಲಿ ಪಾಷಾಣ, ದನದ ಔಷಧಿ ಇವನ್ನು ಪೇಟೆಯಿಂದ ತರುವವರು ಸಾಮಾನ್ಯವಾಗಿ ಗಂಡಸರು. ಮನೆ ಗುಡಿಸಿ ಸಾರಿಸಿ ಮಗುವನ್ನು ನೋಡಿಕೊಳ್ಳುವವರು ಹೆಂಗಸರು. ತಂದವರು ಎಲ್ಲಿಟ್ಟರೆಂಬುದು ಮನೆಯಲ್ಲಿರುವವರಿಗೆ ತಿಳಿದಿರುವುದಿಲ್ಲ. ವಿಷಪ್ರಾಶನವಾದ ಮಗುವನ್ನು ಆಸ್ಪತ್ರೆಗೆ ತಂದಾಗ, ಏನನ್ನು ತಿಂದಿದೆ ಎಂದು ಕೇಳಿದರೆ ತಾಯಿ ತಂದೆಯ ಮುಖ ನೋಡುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಇಲಿಗೆಂದು ಇಟ್ಟ ವಿಷ

ಕೆಲವು ವರ್ಷಗಳ ಹಿಂದೆ ನಾನಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎರಡು ವರ್ಷದ ಗಂಡುಮಗುವೊಂದನ್ನು ತಂದರು. ಬೆಳಗಿನಿಂದ ವಾಂತಿ, ಮಗು ಬಳಲಿ ಬೆವರುತ್ತಿತ್ತು. ರಾತ್ರಿಯ ಅನ್ನ ಹಳಸಿತ್ತೇನೋ ಎಂದು ತಾಯಿ ಹೇಳಿದಳು. ತಂದೆ ಮಾತಾಡಲಿಲ್ಲ. ಜೊತೆಗೆ ಬಂದಿದ್ದ ಅಜ್ಜಿ ಮಾತ್ರ, ಇವತ್ತು ದಿನವೇ ಸರಿಯಿಲ್ಲ, ಹೊತ್ತು ಮೂಡುವ ಮೊದಲು ಬಣವೆಯ ಮಗ್ಗುಲಲ್ಲಿ ನಾಯಿ ಸತ್ತುಬಿದ್ದಿತ್ತು ಎಂದಳು. ಆ ಒಂದು ಮಾತು ಸಾಕಾಯಿತು. ಹಿಂದಿನ ರಾತ್ರಿ ಹೆಂಡತಿ ಮಲಗಿದ ಮೇಲೆ ಗಂಡ ಕೊಬ್ಬರಿಯ ಚೂರುಗಳಿಗೆ ಪಾಷಾಣ ಹಚ್ಚಿ ಕಣಜದ ಹಿಂದೆ ಇಟ್ಟಿದ್ದ. ನಾಯಿ ಅದನ್ನು ಎಳೆದು ಅಂಗಳಕ್ಕೆ ತಂದಿತ್ತು. ಉಳಿದ ಚೂರು ಮಗುವಿನ ಕೈಗೆ ಸಿಕ್ಕಿತ್ತು. ಮಗುವನ್ನು ಕೂಡಲೇ ಜಿಲ್ಲಾ ಆಸ್ಪತ್ರೆಗೆ ಸಾಗಿಸಲಾಯಿತು, ಅದೃಷ್ಟವಶಾತ್ ಬದುಕಿತು. ಮನೆಯ ನಾಯಿಯೋ ಬೆಕ್ಕೋ ಕಾರಣವಿಲ್ಲದೆ ಸತ್ತ ದಿನ ಮಕ್ಕಳಲ್ಲಿ ಯಾರಿಗಾದರೂ ವಾಂತಿಯಾದರೆ ಆ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು.

ಇಲಿಗಳನ್ನು ಕೊಲ್ಲಲು ಬಳಸುವ ವಿಷಗಳಲ್ಲಿ ಮೂರು ಬಗೆಗಳನ್ನು ನೀವು ಗುರುತಿಸುವುದು ಅವಶ್ಯಕ. ಮೊದಲನೆಯದು ಬೂದುಗಪ್ಪು ಬಣ್ಣದ ಪುಡಿ. ಇದರ ಹೆಸರು ಜಿಂಕ್ ಫಾಸ್ಫೈಡ್. ಬೆಳ್ಳುಳ್ಳಿಯಂತೆ ನಾತ ಬೀರುತ್ತದೆ. ಹೊಟ್ಟೆಯೊಳಗಿನ ಆಮ್ಲದೊಡನೆ ಕೂಡಿದಾಗ ಇದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಇದಕ್ಕೆ ನಿರ್ದಿಷ್ಟವಾದ ಪ್ರತಿವಿಷವಿಲ್ಲ.

ಎರಡನೆಯದು ಟ್ಯೂಬಿನಲ್ಲಿ ಸಿಗುವ ಹಳದಿ ರಂಜಕದ ಮುಲಾಮು. ನೋಡುವುದಕ್ಕೆ ಹಲ್ಲುಜ್ಜುವ ಪೇಸ್ಟಿನಂತೆಯೇ ಇರುವುದರಿಂದ ಮಕ್ಕಳು ಮೋಸಹೋಗುತ್ತಾರೆ. ಇದು ಮೂರರಲ್ಲಿ ಅತ್ಯಂತ ವಂಚಕವಾದುದು. ಮೊದಲ ದಿನ ವಾಂತಿ, ಹೊಟ್ಟೆನೋವು ಬಂದು ಅನಂತರ ಒಂದೆರಡು ದಿನ ರೋಗಿ ಸುಧಾರಿಸಿದಂತೆ ಕಾಣುತ್ತಾನೆ. ಇನ್ನೇನೂ ಭಯವಿಲ್ಲವೆಂದು ಬಂಧುಗಳು ಮನೆಗೆ ಕರೆದೊಯ್ಯುತ್ತಾರೆ. ಅಷ್ಟರಲ್ಲಿ ಪಿತ್ತಕೋಶ ಕೆಡುತ್ತಿರುತ್ತದೆ. ಮೂರು ನಾಲ್ಕು ದಿನಗಳಲ್ಲಿ ಕಣ್ಣು ಹಳದಿಯಾಗಿ ಪ್ರಜ್ಞೆ ತಪ್ಪುತ್ತದೆ. ಈ ಮುಲಾಮನ್ನು ಮಕ್ಕಳಿರುವ ಮನೆಗೆ ತರಲೇಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೂರನೆಯದು ಬಣ್ಣದ ಬಿಲ್ಲೆಗಳು. ಇವು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳು. ತಿಂದ ಎರಡು ಮೂರು ದಿನಗಳ ಮೇಲೆ ವಸಡಿನಿಂದ, ಮೂಗಿನಿಂದ, ಮೂತ್ರದಲ್ಲಿ ರಕ್ತ ಹೋಗತೊಡಗುತ್ತದೆ. ಇದಕ್ಕೆ ಕೆ ಜೀವಸತ್ವವೇ ಔಷಧಿ. ಬೇಗ ತಂದರೆ ಮನುಷ್ಯನನ್ನೂ ನಾಯಿಯನ್ನೂ ಉಳಿಸಬಹುದು. ಈ ವಿಷ ಸತ್ತ ಇಲಿಯ ದೇಹದಲ್ಲಿ ಉಳಿಯುವುದರಿಂದ ಅಂಥ ಇಲಿಗಳನ್ನು ಮತ್ತೆ ಮತ್ತೆ ತಿಂದ ಬೆಕ್ಕಿಗೂ ಅಪಾಯ ತಪ್ಪಿದ್ದಲ್ಲ. ವಿಷವಿಟ್ಟು ಬೆಕ್ಕನ್ನು ಕಳೆದುಕೊಂಡ ಮನೆಗೆ ಮರುವರ್ಷ ಇಲಿಗಳು ಇಮ್ಮಡಿಯಾಗಿ ಬರುತ್ತವೆ.

ಇಲಿಯ ಕಾಟ ಸುಳ್ಳಲ್ಲ. ವರ್ಷದ ದುಡಿಮೆಯ ಕಾಳು ಹಾಳಾಗುವಾಗ ಸುಮ್ಮನಿರಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಕಾಳನ್ನು ಮುಚ್ಚಳವಿರುವ ತಗಡಿನ ಡಬ್ಬಗಳಲ್ಲಿ ತುಂಬಿ, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಇಡಿ. ಇಲಿಬೋನನ್ನು ಬಳಸಿ. ವಿಷವಿಡಲೇಬೇಕಾದರೆ ಮಗುವಿನ ಕೈ ಮತ್ತು ನಾಯಿಯ ಮೂತಿ ತೂರದಂಥ ಕಿರುಬಾಯಿಯ ಕೊಳವೆಯೊಳಗೆ ಇಟ್ಟು, ಎಷ್ಟು ಚೂರು ಇಟ್ಟಿರೆಂಬುದನ್ನು ಎಣಿಸಿ, ಬೆಳಗಾಗುತ್ತಲೇ ಉಳಿದುದನ್ನು ಎಣಿಸಿ ತೆಗೆದು ಹೂಳಿ. ಇಟ್ಟ ವಿಷಯ ಮನೆಯ ಎಲ್ಲರಿಗೂ ಗೊತ್ತಿರಲಿ. ಕೊಬ್ಬರಿ, ಬೋಂಡ, ಶೇಂಗಾ ಮೊದಲಾದ ಮಕ್ಕಳ ತಿಂಡಿಗಳಿಗೆ ವಿಷ ಹಚ್ಚುವ ಪದ್ಧತಿಯನ್ನು ಸಂಪೂರ್ಣವಾಗಿ ಬಿಡಿ.

ಕೊಟ್ಟಿಗೆಯ ಔಷಧಿ, ಹೊಲದ ಗೊಬ್ಬರ

ದನ ಮತ್ತು ನಾಯಿಗಳ ಮೈಮೇಲಿನ ಉಣ್ಣೆಗಳನ್ನು ನಾಶಪಡಿಸಲು ಸಣ್ಣ ಸೀಸೆಗಳಲ್ಲಿ ಔಷಧಿ ದೊರೆಯುತ್ತದೆ. ನೀರಿನಲ್ಲಿ ಬೆರೆಸಿ ಮೈಗೆ ಹಚ್ಚಬೇಕಾದ ಈ ದ್ರವದ ಸೀಸೆ ಬಹುಪಾಲು ಮನೆಗಳಲ್ಲಿ ಮಗುವಿನ ಕೆಮ್ಮಿನ ಔಷಧಿಯ ಸೀಸೆಯ ಪಕ್ಕದಲ್ಲೇ ಇರುತ್ತದೆ. ಗಾತ್ರವೂ ಒಂದೇ. ಕಣ್ಣು ಮಂಜಾದ ಅಜ್ಜಿ ಅರೆಬೆಳಕಿನಲ್ಲಿ ಒಂದು ಚಮಚ ಕುಡಿಸಿದರೆ ಮಗು ತೂಕಡಿಸುತ್ತದೆ, ನಾಡಿ ನಿಧಾನವಾಗುತ್ತದೆ, ಉಸಿರು ಕುಂದುತ್ತದೆ. ಅಮಿಟ್ರಾಜ್ ಎಂಬ ಉಣ್ಣೆ ಔಷಧಿಗೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ಉಸಿರಾಟ ಮತ್ತು ನಾಡಿಯನ್ನು ಕಾಪಾಡುತ್ತಾ ಕಾಯಬೇಕು. ಆದ್ದರಿಂದ ದನದ ಔಷಧಿಗಳು ಮನೆಯೊಳಗೆ ಬರಕೂಡದು. ಕೊಟ್ಟಿಗೆಯ ಸೂರಿನ ಕೆಳಗೆ ಎತ್ತರದಲ್ಲಿ ಒಂದು ಪೆಟ್ಟಿಗೆಯನ್ನು ಹೊಡೆದು, ಬೀಗ ಹಾಕಿ, ಬೀಗದ ಕೈಯನ್ನು ದಂಪತಿಗಳು ತಮ್ಮಲ್ಲೇ ಇಟ್ಟುಕೊಳ್ಳಬೇಕು.

ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕದಿಂದ ನಾಯಿಯ ಮೈ ತೊಳೆಯುವುದು ಕೆಲವೆಡೆ ರೂಢಿಯಲ್ಲಿದೆ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ ಎಂಬುದನ್ನು ಇಲ್ಲಿ ಮರೆಯಲಾಗಿದೆ. ಸ್ವಲ್ಪ ಹೊತ್ತಿನಲ್ಲೇ ಜೊಲ್ಲು ಸುರಿಯುತ್ತದೆ, ಮಾಂಸಖಂಡಗಳು ಅದುರುತ್ತವೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಅದೇ ನಾಯಿಯನ್ನು ಅಪ್ಪಿಕೊಂಡ ಮಗುವಿನ ಚರ್ಮದ ಮೂಲಕವೂ ವಿಷ ಒಳಸೇರಬಲ್ಲದು. ಇನ್ನೊಂದು ಎಚ್ಚರಿಕೆ: ನಾಯಿಯ ಉಣ್ಣೆಗೆಂದು ಕೊಟ್ಟ ಪರ್ಮೆಥ್ರಿನ್ ಹನಿಗಳನ್ನು ಬೆಕ್ಕಿಗೆ ಹಾಕಬೇಡಿ. ನಾಯಿಯ ದೇಹ ಸಹಿಸುವ ಈ ಔಷಧಿಯನ್ನು ಬೆಕ್ಕಿನ ದೇಹ ಸಹಿಸದು. ನಡುಕ ಬಂದು ಸಾಯುತ್ತದೆ.

ಹಾಗೆಂದು ಉಣ್ಣೆಗಳನ್ನು ಬಿಡುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳಿಂದಲೇ ಹರಡುವಂಥದು. ಮಲೆನಾಡಿನಲ್ಲಿ ಕಾಡಿಗೆ ಮೇಯಲು ಹೋದ ದನಗಳು ಉಣ್ಣೆಗಳನ್ನು ಮನೆಯ ಬಾಗಿಲಿಗೆ ಹೊತ್ತು ತರುತ್ತವೆ. ಅಲ್ಲಿನ ದಂಪತಿಗಳು ಡಿಸೆಂಬರಿನಿಂದ ಮೇವರೆಗೆ ಪಶುವೈದ್ಯರ ಸಲಹೆಯಂತೆ ದನಗಳಿಗೆ ಔಷಧಿ ಹಚ್ಚಿಸಬೇಕು. ಕಾಡಿಗೆ ಹೋಗುವವರು ಆರೋಗ್ಯ ಕೇಂದ್ರದಿಂದ ತೈಲ ಪಡೆದು ಕೈಕಾಲಿಗೆ ಲೇಪಿಸಿಕೊಳ್ಳಬೇಕು. ಕಾಡಿನಿಂದ ಹೊತ್ತು ತಂದ ತರಗೆಲೆಯ ರಾಶಿಯ ಮೇಲೆ ಮಕ್ಕಳನ್ನು ಆಡಲು ಬಿಡಬಾರದು.

ಗೊಬ್ಬರಗಳ ಪೈಕಿ ಬೇವಿನ ಹಿಂಡಿಯ ಹತ್ತಿರ ನಾಯಿ ಸುಳಿಯುವುದಿಲ್ಲ. ಹರಳು ಹಿಂಡಿಯ ವಿಚಾರ ಬೇರೆ. ಎಣ್ಣೆ ತೆಗೆದ ಮೇಲೂ ಹರಳಿನ ವಿಷ ಹಿಂಡಿಯಲ್ಲೇ ಉಳಿದಿರುತ್ತದೆ. ಆದರೆ ಅದರ ವಾಸನೆ ನಾಯಿಗೆ ತಿಂಡಿಯ ವಾಸನೆಯಂತೆ ತೋರುತ್ತದೆ. ಗಿಡದ ಬುಡಕ್ಕೆ ಹಾಕಿದ ಹಿಂಡಿಯನ್ನು ಕೆದರಿ ತಿಂದು, ಕೆಲವು ಗಂಟೆಗಳಲ್ಲಿ ವಾಂತಿ ಮತ್ತು ರಕ್ತಭೇದಿಯಿಂದ ನಾಯಿಗಳು ಸಾಯುತ್ತವೆ. ಅಡಿಕೆ ತೆಂಗಿನ ತೋಟದವರು ಹಿಂಡಿಯನ್ನು ಆಳವಾಗಿ ಹಾಕಿ ಮಣ್ಣು ಮುಚ್ಚಿ, ಆ ದಿನಗಳಲ್ಲಿ ನಾಯಿಯನ್ನು ಕಟ್ಟಿಹಾಕಬೇಕು. ಬೇಲಿಯ ಕಾಡುಹರಳಿನ ಬೀಜ, ಅಂಗಳದ ಹರಳು, ಗುಲಗಂಜಿ, ಕಣಗಿಲೆ, ಉಮ್ಮತ್ತಿ ಇವೆಲ್ಲ ಮಕ್ಕಳ ಕೈಗೆ ಸಿಗುವ ವಿಷಗಳೇ. ಶಾಲೆ ಬಿಟ್ಟ ಮಕ್ಕಳು ಕಾಡುಹರಳಿನ ಬೀಜವನ್ನು ಶೇಂಗಾದಂತೆ ಒಡೆದು ಹಂಚಿ ತಿಂದು, ಗುಂಪಾಗಿ ವಾಂತಿ ಮಾಡುತ್ತಾ ಆಸ್ಪತ್ರೆಗೆ ಬರುವುದು ವೈದ್ಯರಿಗೆ ಹೊಸದಲ್ಲ. ಯೂರಿಯಾ ಕರಗಿಸಿದ ಬಕೆಟ್ಟಿನಲ್ಲಿ ದನಕ್ಕೆ ಕಲಗಚ್ಚು ಇಡುವುದೂ ಅಷ್ಟೇ ಅಪಾಯಕರ.

ಅಡಿಗೆಮನೆಯಲ್ಲಿ

ಉಳಿದ ಅನ್ನ ಸಾರನ್ನು ನಾಯಿಗೆ ಹಾಕುವುದು ನಮ್ಮ ಪದ್ಧತಿ. ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿಗಳು ಹೇರಳವಾಗಿದ್ದರೆ ನಾಯಿ ಬೆಕ್ಕುಗಳ ರಕ್ತಕಣಗಳು ನಾಶವಾಗುತ್ತವೆ. ಅವಕ್ಕೆ ಬೇರೆಯಾಗಿ ಮುದ್ದೆಯೋ ಅನ್ನವೋ ಮಜ್ಜಿಗೆಯೊಡನೆ ತೆಗೆದಿಟ್ಟರೆ ಒಳ್ಳೆಯದು. ಬೇಯಿಸಿದ ಕೋಳಿಯ ಮೂಳೆ ಸೂಜಿಯಂತೆ ಸೀಳಿ ಕರುಳನ್ನು ಚುಚ್ಚುತ್ತದೆ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವ ಮನೆಗಳವರು ತಿಳಿದಿರಬೇಕಾದ ಸಂಗತಿಯೆಂದರೆ, ನಮಗೆ ಪುಷ್ಟಿಕರವಾದ ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಜ್ವರ ಬಂದ ಬೆಕ್ಕಿಗೆ ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆ ಕೊಡುವ ಕರುಣೆಯೂ ಬೇಡ. ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು. ಮುಸುರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಎಸೆದರೆ ಹಸು ಚೀಲಸಹಿತ ನುಂಗುತ್ತದೆ; ಅದು ಹೊಟ್ಟೆಯಿಂದ ಹೊರಬರುವುದೇ ಇಲ್ಲ.

ವಿಷ ಒಳಸೇರಿದಾಗ

ಮಗು ವಿಷ ತಿಂದಿದೆಯೆಂದು ಅನುಮಾನ ಬಂದೊಡನೆ ಉಪ್ಪುನೀರು, ಸೋಪಿನ ನೀರು, ಹುಣಿಸೆಹಣ್ಣಿನ ನೀರು, ಬರೆಯಲು ನಾಚಿಕೆಯಾಗುವ ಇನ್ನೂ ಕೆಲವು ನೀರುಗಳನ್ನು ಕುಡಿಸಿ ವಾಂತಿ ಮಾಡಿಸುವುದು ಹಳ್ಳಿಗಳಲ್ಲಿ ಕಂಡುಬರುತ್ತದೆ. ಇದು ತಪ್ಪು. ಸೀಮೆಎಣ್ಣೆ, ಪೆಟ್ರೋಲುಗಳನ್ನು ಕುಡಿದ ಮಗುವಿಗೆ ವಾಂತಿ ಮಾಡಿಸಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರುತ್ತದೆ. ಹಾಲು, ಎಣ್ಣೆಗಳನ್ನು ಕುಡಿಸಿದರೆ ರಂಜಕದಂಥ ವಿಷ ರಕ್ತಕ್ಕೆ ಬೇಗ ಸೇರುತ್ತದೆ. ಬಾಯಲ್ಲಿ ಉಳಿದುದನ್ನು ಒರೆಸಿ ತೆಗೆದು, ವಿಷ ಸೋಕಿದ ಬಟ್ಟೆ ಕಳಚಿ, ಮೈಯನ್ನು ಸೋಪಿನಿಂದ ತೊಳೆದು, ಪ್ರಜ್ಞೆ ಇಲ್ಲದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ. ಸೀಸೆ, ಪೊಟ್ಟಣ, ಕೊನೆಗೆ ಹರಿದ ಚೀಟಿಯಾದರೂ ಸರಿ, ಜೊತೆಯಲ್ಲಿ ತನ್ನಿ. ಮೇಲೆ ಹೇಳಿದ ಜೊಲ್ಲು, ಅದುರು, ಕಿರಿದಾದ ಪಾಪೆ ಕಂಡರೆ ಅದಕ್ಕೆ ಬೇಕಾದ ಅಟ್ರೋಪಿನ್ ಚುಚ್ಚುಮದ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇರುತ್ತದೆ. ಪ್ರಾಣಿಗಳಿಗೂ ಇದೇ ನಿಯಮ. ಪಶುವೈದ್ಯ ಸಂಚಾರಿ ವಾಹನಕ್ಕೆ 1962ಕ್ಕೆ ಕರೆ ಮಾಡಬೇಕು.

ತೆರೆದ ನೀರು

ಬಾವಿಗೆ ಕಟ್ಟೆ, ಸಂಪಿಗೆ ಮುಚ್ಚಳ ಇರಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಹೊಸದಾಗಿ ಬಂದ ಅಪಾಯ ಕೃಷಿ ಹೊಂಡದ್ದು. 2014ರಲ್ಲಿ ಕೃಷಿಭಾಗ್ಯ ಯೋಜನೆ ಪ್ರಾರಂಭವಾದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಹೊಂಡಗಳು ಹೆಚ್ಚಿದವು. ಬೆಳೆಗೆ ಬಹಳ ಉಪಕಾರವಾಯಿತು. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ನೀರು ಕುಡಿಯಲು ಇಳಿದ ನಾಯಿ, ಕುರಿ, ಕರು ಮೇಲೆ ಹತ್ತಲಾರವು. ನಾಯಿಯನ್ನು ಎತ್ತಲು ಇಳಿದ ಹುಡುಗನೂ ಹತ್ತಲಾರ. ಈಜು ಬಂದರೂ ಅಷ್ಟೆ. ಸುತ್ತಲೂ ತಂತಿಬೇಲಿ ಹಾಕಿಸಿ. ಅದರ ಜೊತೆಗೆ ನಾಲ್ಕೂ ಮೂಲೆಗಳಲ್ಲಿ ಗೂಟಕ್ಕೆ ಬಿಗಿದ ಗಂಟುಹಗ್ಗವನ್ನು ನೀರಿನವರೆಗೆ ಇಳಿಬಿಟ್ಟು, ಒಂದು ಬದಿಯಲ್ಲಿ ಹಳೆಯ ಟೈರುಗಳನ್ನು ಏಣಿಯಂತೆ ಕಟ್ಟಿಬಿಡಿ. ಹಗ್ಗ ಮನುಷ್ಯನಿಗೆ, ಟೈರು ಪ್ರಾಣಿಗೆ.

ನಾಯಿಯ ಲಸಿಕೆಯೇ ಮಗುವಿನ ರಕ್ಷೆ

ಇನ್ನು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಈ ಲೇಖನದಲ್ಲಿ ಒಂದೇ ಭಾಗವನ್ನು ಓದಲು ಸಮಯವಿದ್ದರೆ ಇದನ್ನು ಓದಿ.

ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸಿಗೆ ಚಿಕಿತ್ಸೆಯಿಲ್ಲ; ಬದುಕಿ ಉಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಆದರೆ ಲಕ್ಷಣ ಕಾಣುವ ಮೊದಲು ಇದನ್ನು ತಡೆಯುವ ಉಪಾಯ 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಲಸಿಕೆ ನೀಡಿದಂದಿನಿಂದ ನಮ್ಮ ಕೈಯಲ್ಲಿದೆ. ಮನುಷ್ಯರಿಗೆ ಈ ರೋಗ ಬರುವುದು ಬಹುತೇಕ ನಾಯಿಯ ಕಡಿತದಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳು. ಮಕ್ಕಳು ಗಿಡ್ಡಾಗಿರುವುದರಿಂದ ಗಾಯ ಮುಖಕ್ಕೆ, ಕತ್ತಿಗೆ ಆಗುವುದುಂಟು. ಅಲ್ಲಿಂದ ಮಿದುಳಿಗೆ ದಾರಿ ಹತ್ತಿರ.

ಮಗು ಬೀದಿಯಿಂದ ಎತ್ತಿ ತಂದ ಮರಿಯ ಬಗ್ಗೆ ವಿಶೇಷ ಗಮನವಿರಲಿ. ಮರಿಯ ಹಲ್ಲು ಎಷ್ಟರದು ಎಂಬ ಉದಾಸೀನ ಅನೇಕರಲ್ಲಿದೆ. ರೇಬೀಸ್ ಮರಿಗೂ ಬರುತ್ತದೆ, ಮರಿಯ ಗೀರಿನಿಂದಲೂ ಹರಡುತ್ತದೆ, ಒಡೆದ ಚರ್ಮವನ್ನು ನೆಕ್ಕಿದರೂ ಹರಡುತ್ತದೆ. ಬೈಗುಳಕ್ಕೆ ಹೆದರಿ ಮಕ್ಕಳು ಗಾಯವನ್ನು ಮುಚ್ಚಿಡುತ್ತಾರೆ. ನಾಯಿ ಕಚ್ಚಿದರೆ ಬಂದು ಹೇಳು, ಹೊಡೆಯುವುದಿಲ್ಲ ಎಂದು ತಂದೆತಾಯಿಗಳು ಮಕ್ಕಳಿಗೆ ಮೊದಲೇ ಹೇಳಿಟ್ಟಿರಬೇಕು, ಹೇಳಿದಂತೆ ನಡೆಯಲೂಬೇಕು.

ಹುಚ್ಚುನಾಯಿಯೆಂದರೆ ನಾಲಿಗೆ ಚಾಚಿ ಓಡಿಬಂದು ಕಚ್ಚುವ ನಾಯಿ, ನೀರಿಗೆ ಹೆದರುವ ನಾಯಿ ಎಂಬ ಕಲ್ಪನೆಯಿದೆ. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ. ರೋಗಬಂದ ನಾಯಿ ನೀರಿಗೆ ಹೆದರುವುದಿಲ್ಲ. ಕೆಲವು ನಾಯಿಗಳು ಕತ್ತಲ ಮೂಲೆ ಹಿಡಿದು ಮಂಕಾಗಿ ಬಿದ್ದಿರುತ್ತವೆ, ದನಿ ಬದಲಾಗುತ್ತದೆ, ಕೆಳದವಡೆ ಜೋತುಬಿದ್ದು ಜೊಲ್ಲು ಇಳಿಯುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಗೆದು ಬಾಯೊಳಗೆ ಕೈ ಹಾಕಿದವರಿದ್ದಾರೆ. ಮೇವು ನುಂಗಲಾರದೆ ಜೊಲ್ಲು ಸುರಿಸುವ ಹಸುವಿನ ಬಾಯಿಗೂ ಹೀಗೆಯೇ ಕೈ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ, ಪಶುವೈದ್ಯರನ್ನು ಕರೆಯಿರಿ. ಅಂಥ ಹಸುವಿನ ಹಾಲು ಕುಡಿದೆವೆಂದು ಇಡೀ ಕೇರಿಯೇ ಗಾಬರಿಯಾಗಿ ಆಸ್ಪತ್ರೆಗೆ ಬರುವುದುಂಟು. ಕಾಯಿಸಿದ ಹಾಲಿನಲ್ಲಿ ಈ ವಿಷಾಣು ಉಳಿಯುವುದಿಲ್ಲ. ಹಸಿಹಾಲು ಕುಡಿದವರು ವೈದ್ಯರನ್ನು ಕಾಣಲಿ. ಆ ಹಸುವಿನ ಹಾಲನ್ನು ಮುಂದೆ ಬಳಸಬಾರದು.

ಕಚ್ಚಿದಾಗ ಮೊದಲನೆಯ ಕೆಲಸ ನಿಮ್ಮ ಮನೆಯ ಬಚ್ಚಲಲ್ಲೇ ಆಗಬೇಕು. ಹರಿಯುವ ನೀರು, ಯಾವುದಾದರೂ ಒಂದು ಸೋಪು, ಹದಿನೈದು ನಿಮಿಷ. ಹದಿನೈದು ನಿಮಿಷವೆಂಬುದು ಬಾಯಲ್ಲಿ ಹೇಳಿದಷ್ಟು ಚಿಕ್ಕದಲ್ಲ; ಗಡಿಯಾರ ನೋಡಿಕೊಂಡು ತೊಳೆಯಿರಿ. ಮಗು ಅಳುತ್ತದೆ, ಅಳಲಿ. ಸುಣ್ಣ, ಅರಿಸಿನ, ಕಾರದಪುಡಿ, ಕಾಫಿಪುಡಿ ಏನನ್ನೂ ಮೆತ್ತಬೇಡಿ, ಕಟ್ಟು ಕಟ್ಟಬೇಡಿ. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಬನ್ನಿ. ಹೊಕ್ಕುಳ ಸುತ್ತ ಹಾಕುತ್ತಿದ್ದ ನೋವಿನ ಚುಚ್ಚುಮದ್ದುಗಳ ನೆನಪು ಹಿರಿಯರಲ್ಲಿ ಇನ್ನೂ ಇದೆ. ಆ ಭಯದಿಂದಲೇ ನಾಟಿ ಔಷಧಿಗೆ ಹೋಗುವವರಿದ್ದಾರೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತುಹೋಯಿತು. ಈಗ ಕೊಡುವುದು ತೋಳಿನಲ್ಲಿ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಅನಂತರ 3, 7 ಮತ್ತು 28ನೆಯ ದಿನ, ಒಟ್ಟು ನಾಲ್ಕು ಭೇಟಿ. ರಕ್ತ ಬಂದ ಗಾಯವಾಗಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧಿಯನ್ನೂ ತುಂಬಿಸಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ನೋವು ಮಾಯವಾಯಿತೆಂದು, ಹೊಲದ ಕೆಲಸವಿತ್ತೆಂದು 28ನೆಯ ದಿನ ಬಾರದಿರುವವರು ಬಹಳ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ನಿರ್ಭಯವಾಗಿ ಈ ಲಸಿಕೆ ಪಡೆಯಬಹುದು; ಪಡೆಯಲೇಬೇಕು. ಊಟದಲ್ಲಿ ಪಥ್ಯವಾಗಲಿ, ಸ್ನಾನ ಬಿಡುವುದಾಗಲಿ ಬೇಕಿಲ್ಲ. ಕಚ್ಚಿದ ಸಾಕುನಾಯಿಯನ್ನು ಹತ್ತು ದಿನ ಕಟ್ಟಿ ಗಮನಿಸಿರಿ, ಆದರೆ ಆ ಹತ್ತು ದಿನ ಮುಗಿಯಲೆಂದು ಲಸಿಕೆಗೆ ಕಾಯಬೇಡಿ.

ಮನೆಯ ನಾಯಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದ ದಿನ ಬೂಸ್ಟರ್ ಕೊಡಿಸಿ, ಪ್ರತಿ ವರ್ಷ ಮರುಕಳಿಸಬೇಕು. ಬೆಕ್ಕಿಗೂ ಹಾಕಿಸಬೇಕು. ಪಾಶ್ಚರ್ ನಿಧನರಾದ ಸೆಪ್ಟೆಂಬರ್ 28ನ್ನು 2007ರಿಂದ ವಿಶ್ವ ರೇಬೀಸ್ ದಿನವಾಗಿ ಆಚರಿಸಲಾಗುತ್ತಿದೆ. ಆ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಲಸಿಕಾ ಶಿಬಿರಗಳು ನಡೆಯುತ್ತವೆ.

ಎಷ್ಟೇ ಸಾಧುವಾದ ನಾಯಿಯಾದರೂ ಹಸುಗೂಸಿನೊಡನೆ ಅದನ್ನು ಒಂಟಿಯಾಗಿ ಬಿಡಬಾರದು. ಉಣ್ಣುತ್ತಿರುವ ನಾಯಿ, ಮಲಗಿರುವ ನಾಯಿ, ಮರಿಹಾಕಿದ ನಾಯಿ ಈ ಮೂರನ್ನು ಮುಟ್ಟಬಾರದೆಂದು ಮಗುವಿಗೆ ಮಾತು ಬರುವಾಗಲೇ ಕಲಿಸಿರಿ. ಮಿತ ಸಂತಾನದ ಹಿತವಚನವನ್ನು ಈ ಪುಸ್ತಿಕೆಯಲ್ಲಿ ನೀವು ಬೇಕಾದಷ್ಟು ಓದಿರುತ್ತೀರಿ. ಅದು ನಾಯಿಗೂ ಸಲ್ಲುತ್ತದೆ. ವರ್ಷಕ್ಕೆರಡು ಬಾರಿ ಹುಟ್ಟಿದ ಮರಿಗಳನ್ನು ಚೀಲದಲ್ಲಿ ತುಂಬಿ ಸಂತೆಯ ಬಯಲಿಗೆ ಬಿಡುವುದರಿಂದಲೇ ಲಸಿಕೆಯಿಲ್ಲದ ಬೀದಿನಾಯಿಗಳು ಹೆಚ್ಚುವುದು. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹೆಣ್ಣುನಾಯಿಯ ಆರೋಗ್ಯವೂ ಸುಧಾರಿಸುತ್ತದೆ.

ಗರ್ಭಿಣಿ, ಬೆಕ್ಕು ಮತ್ತು ಹುಳುಗಳು

ಸೊಸೆ ಬಸುರಿಯಾದೊಡನೆ ಬೆಕ್ಕನ್ನು ಊರಾಚೆ ಬಿಟ್ಟುಬರುವ ಅತ್ತೆಯಂದಿರಿದ್ದಾರೆ. ಅಷ್ಟು ಬೇಕಿಲ್ಲ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಇರಬಹುದು. ಗರ್ಭಿಣಿಗೆ ಮೊದಲ ಬಾರಿ ಅದು ಅಂಟಿದರೆ ಗರ್ಭದ ಶಿಶುವಿನ ಕಣ್ಣು, ಮಿದುಳಿಗೆ ಹಾನಿಯಾಗಬಹುದು. ಆದರೆ ಮಲದಲ್ಲಿ ಹೊರಬಿದ್ದ ಒಂದು ದಿನದವರೆಗೆ ಅದು ಅಂಟುವ ಸ್ಥಿತಿಗೆ ಬಂದಿರುವುದಿಲ್ಲ. ಆದ್ದರಿಂದ ಮಲವನ್ನು ದಿನವೂ ಬಳಿದು ಹೂಳಿದರೆ ಸಾಕು. ಆ ಕೆಲಸವನ್ನು ಆ ಒಂಬತ್ತು ತಿಂಗಳು ಗಂಡ ಮಾಡಲಿ. ಗರ್ಭಿಣಿ ತೋಟದ ಮಣ್ಣು ಮುಟ್ಟಿದ ಮೇಲೆ ಕೈ ತೊಳೆಯಬೇಕು, ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಬೇಕು, ಮಾಂಸವನ್ನು ಅರೆಬೆಂದದ್ದಾಗಿ ತಿನ್ನಬಾರದು.

ನಾಯಿಯ ಹೊಟ್ಟೆಯ ಹುಳುಗಳೂ ಮಕ್ಕಳಿಗೆ ಅಂಟುತ್ತವೆ. ಮರಿಗಳಿಗೆ ಎರಡು ವಾರವಾದಾಗಿನಿಂದ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ ಜಂತುನಾಶಕ ಕೊಡಬೇಕು. ಅನಂತರದ ಕ್ರಮವನ್ನು ಪಶುವೈದ್ಯರು ತಿಳಿಸುತ್ತಾರೆ. ಹಬ್ಬ ಜಾತ್ರೆಗಳಲ್ಲಿ ಕುರಿ ಕಡಿದಾಗ ನೀರುಗುಳ್ಳೆಯಿರುವ ಪಿತ್ತಕೋಶ, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವುದು ಎಲ್ಲೆಡೆ ಕಾಣುವ ದೃಶ್ಯ. ಆ ಗುಳ್ಳೆಯಲ್ಲಿರುವುದು ಲಾಡಿಹುಳುವಿನ ಮರಿ. ನಾಯಿಯ ಕರುಳಲ್ಲಿ ಅದು ಬೆಳೆದು, ಮೊಟ್ಟೆಗಳು ಮಲದಲ್ಲಿ ಬಂದು, ನಾಯಿಯ ರೋಮಕ್ಕೂ ಮಗುವಿನ ಬೆರಳಿಗೂ ಅಂಟುತ್ತವೆ. ಮಗುವಿನ ಪಿತ್ತಕೋಶದಲ್ಲಿ ಅಂಥದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ; ಹಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಗುಳ್ಳೆಯಿರುವ ಅಂಗಗಳನ್ನು ಸುಡಿ, ಇಲ್ಲವೆ ನಾಯಿ ಕೆದರದಷ್ಟು ಆಳಕ್ಕೆ ಹೂಳಿ.

ನಾಯಿಯ ಲಸಿಕೆಯ ಚೀಟಿಯನ್ನು ಮಗುವಿನ ತಾಯಿ ಕಾರ್ಡಿನೊಡನೆ ಒಂದೇ ಡಬ್ಬದಲ್ಲಿಡಿ. ಮುಂದಿನ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 108 ಮತ್ತು 1962 ಎಂಬ ಎರಡು ಸಂಖ್ಯೆಗಳನ್ನು ಬಾಗಿಲ ಹಿಂಬದಿಯಲ್ಲಿ, ಮಕ್ಕಳಿಗೂ ಓದಲಾಗುವಂತೆ ದಪ್ಪವಾಗಿ ಬರೆದಿಡಿ.